ವಾಹನ ಕ್ಷೇತ್ರ ಸೇರಲು ಇಸಿ ಬಿಟ್ಟು ಮೆಕ್ಯಾನಿಕಲ್‌ಗೆ ಬದಲಾಯಿಸಿಕೊಳ್ಳಬೇಕೇ?

ಪ್ರಶ್ನೆ:
ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ (ಇಸಿ) ವಿಭಾಗದ ಮೊದಲ ವರ್ಷ ಮುಗಿಸಿದ್ದೇನೆ. ದಾವಣಗೆರೆ ಸಮೀಪದ ನಮ್ಮ ಊರಿನಲ್ಲಿ ತಂದೆಯವರು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ನಡೆಸುತ್ತಾರೆ. ಕ್ಲಚ್ ಪ್ಲೇಟ್ ಬದಲಿಸುವುದು, ನಾಜಲ್ ಬಿಚ್ಚಿ ಸ್ವಚ್ಛಗೊಳಿಸುವುದು ನನಗೆ ಪಿಯುಸಿಗೆ ಮೊದಲೇ ಕೈಗೆ ಹತ್ತಿದ ಕೆಲಸಗಳು. ಸಿಇಟಿಯಲ್ಲಿ ಇಸಿ ಸಿಕ್ಕಿತೆಂದು ಸೇರಿಕೊಂಡೆ. ಆದರೆ ವಾಹನ ತಯಾರಿಕೆಯಲ್ಲಿಯೇ ಉದ್ಯೋಗ ಮಾಡಬೇಕೆಂಬ ಆಸೆ ಹಾಗೆಯೇ ಉಳಿದಿದೆ. ಮೂರನೆಯ ಸೆಮಿಸ್ಟರ್ ಆರಂಭವಾಗುವ ಮೊದಲು ಮೆಕ್ಯಾನಿಕಲ್‌ಗೆ ಬದಲಾಯಿಸಿಕೊಳ್ಳುವುದು ಸರಿಯೇ? ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಈ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಾನು ಬೆಂಗಳೂರಿನಲ್ಲಿ ವಾಹನಗಳ ಕಂಟ್ರೋಲ್ ಯೂನಿಟ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ, ಓದಿದ್ದು ಇಸಿ. ಬದಲಾಯಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತಂದೆಯವರ ಗ್ಯಾರೇಜಿನ ಕೆಲಸವೇ ಹೇಗೆ ಬದಲಾಗುತ್ತಿದೆ ನೋಡಿ: 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಗೆ ಬಂದ ಮೇಲೆ, ಆ ವರ್ಗದಲ್ಲಿ ಹಳೆಯ ಡೀಸೆಲ್ ಪಂಪಿನ ಜಾಗಕ್ಕೆ ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಅಧಿಕ ಒತ್ತಡದ ಡೀಸೆಲ್ ಒದಗಿಸುವ ವ್ಯವಸ್ಥೆ) ಬಂದಿದ್ದು, ಎಷ್ಟು ಡೀಸೆಲನ್ನು ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂಬುದನ್ನು ಇಂಜಿನ್ ಕಂಟ್ರೋಲ್ ಯೂನಿಟ್ ಎಂಬ ಕಿರು ಕಂಪ್ಯೂಟರ್ ತೀರ್ಮಾನಿಸುತ್ತದೆ. ಕಾರು, ಲಾರಿಗಳಲ್ಲಿ ಇದು ಇನ್ನೂ ಮೊದಲೇ ಆಗಿದೆ.

ಈ ಯೂನಿಟ್‌ಗಳು ಪರಸ್ಪರ ಮಾತನಾಡಲು ಬಳಸುವ ಕ್ಯಾನ್ ಜಾಲವನ್ನು ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿತು. ಒಂದಕ್ಕೊಂದು ಹೆಣೆದ ಎರಡು ತಂತಿಗಳು, ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಬಿಚ್ಚಿ ಆ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಸಂಪರ್ಕ ತಪ್ಪಿದೆ ಎಂದೇ ಅರ್ಥ. ಗ್ಯಾರೇಜಿನಲ್ಲಿ ಬೆಳೆದವರಿಗೆ ಇಂತಹ ದೋಷ ಹುಡುಕುವುದು ಬೇಗ ಒಲಿಯುತ್ತದೆ. ನಮ್ಮಲ್ಲಿಗೆ ಬರುವ ಅನೇಕ ಹೊಸ ಇಂಜಿನಿಯರುಗಳಲ್ಲಿ ಕಾಣದಿರುವುದು ಅದೇ ಗುಣ. ಸಿ ಭಾಷೆ, ಮೈಕ್ರೋಕಂಟ್ರೋಲರ್ ಮತ್ತು ಮ್ಯಾಟ್‌ಲ್ಯಾಬ್–ಸಿಮುಲಿಂಕ್ ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ.

ಉತ್ತರ 2:
ಮೇಲಿನವರ ಮಾತನ್ನು ಗೌರವಿಸುತ್ತಲೇ ಅರ್ಧ ಮಾತ್ರ ಒಪ್ಪುತ್ತೇನೆ. ನಾನು ಮೆಕ್ಯಾನಿಕಲ್ ಓದಿ ಸಸ್ಪೆನ್ಷನ್ ವಿನ್ಯಾಸದಲ್ಲಿದ್ದೇನೆ. ವಾಹನದಲ್ಲಿ ಎಲೆಕ್ಟ್ರಾನಿಕ್ಸ್ ಎಷ್ಟೇ ಹೆಚ್ಚಿದರೂ ಲೋಹ ದಣಿದು ಬಿರುಕು ಬಿಡುವುದನ್ನು, ಸ್ಟೀರಿಂಗಿಗೆ ಬರುವ ನಡುಕವನ್ನು ಬಗೆಹರಿಸಬೇಕಾದವರು ನಾವೇ. ವಿದ್ಯುತ್ ವಾಹನ ಬಂದರೆ ಮೆಕ್ಯಾನಿಕಲ್‌ಗೆ ಕೆಲಸವಿಲ್ಲ ಎಂಬ ಮಾತೂ ನಿಜವಲ್ಲ. 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಪ್ರಕರಣಗಳ ನಂತರ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಲಾಯಿತು. ಒಂದು ಸೆಲ್‌ನ ಶಾಖ ಪಕ್ಕದ ಸೆಲ್‌ಗೆ ಹರಡದಂತೆ ಬ್ಯಾಟರಿ ಪೆಟ್ಟಿಗೆ ರೂಪಿಸುವುದರಲ್ಲಿ ಉಷ್ಣ ವರ್ಗಾವಣೆಯ ಪಾಠವೇ ಮುಖ್ಯ.

ಆದ್ದರಿಂದ ನೀವು ಯಾವ ಭಾಗದ ಕೆಲಸ ಮಾಡಲು ಬಯಸುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಚಾಸಿ, ಗೇರ್‌ಬಾಕ್ಸ್, ಎರಕ ಇವೇ ಮನಸ್ಸಿನಲ್ಲಿದ್ದರೆ ಬದಲಾಯಿಸಿ, ಏಕೆಂದರೆ ಪದಾರ್ಥಗಳ ಬಲ ಮತ್ತು ಯಂತ್ರಚಲನೆಯನ್ನು ಮುಂದೆ ಸ್ವಂತವಾಗಿ ಓದಿ ತುಂಬಿಕೊಳ್ಳುವುದು ಬಹಳ ಕಷ್ಟ. ಇಂಜಿನ್ ನಿಯಂತ್ರಣ, ಬ್ರೇಕ್ ನಿಯಂತ್ರಣ, ಮೋಟಾರು ಇವುಗಳಲ್ಲಿ ಆಸಕ್ತಿಯಿದ್ದರೆ ಇಸಿಯಲ್ಲಿಯೇ ಮುಂದುವರಿಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಡೀಸೆಲ್ ಇಂಜಿನ್ನಿನ ನಿಯಂತ್ರಣವೇ ನನ್ನನ್ನು ಸೆಳೆಯುತ್ತಿದೆ ಎಂಬುದು ಇದನ್ನು ಓದುವಾಗ ಸ್ಪಷ್ಟವಾಯಿತು. ಇಸಿಯವರನ್ನು ಕಾಲೇಜಿನ ಬಾಹಾ (ವಿದ್ಯಾರ್ಥಿಗಳೇ ಗಾಡಿ ನಿರ್ಮಿಸಿ ಓಡಿಸುವ ಸ್ಪರ್ಧೆ) ತಂಡಕ್ಕೆ ಸೇರಿಸಿಕೊಳ್ಳುತ್ತಾರೆಯೇ?

ಉತ್ತರ 3:
ಖಂಡಿತವಾಗಿ ಸೇರಿಸಿಕೊಳ್ಳುತ್ತಾರೆ. ಬಾಹಾ ಎಸ್‌ಎಇ ಇಂಡಿಯಾದಲ್ಲಿ ವಿದ್ಯುತ್ ಚಾಲಿತ ಇ-ಬಾಹಾ ವಿಭಾಗವೂ ಇದೆ. ಅಲ್ಲಿ ವೈರಿಂಗ್ ಮತ್ತು ಸೆನ್ಸರ್ ಬಲ್ಲವರ ಕೊರತೆ ಸದಾ ಇರುತ್ತದೆ. ನಾಲ್ಕು ಗಂಟೆಗಳ ಎಂಡ್ಯೂರೆನ್ಸ್ ಓಟದಲ್ಲಿ ಸಡಿಲವಾದ ಒಂದು ಕನೆಕ್ಟರಿನಿಂದ ಗಾಡಿ ನಿಂತುಹೋಗುವುದುಂಟು. ಇನ್ನೊಂದು ವಿಷಯ: ಬ್ರಾಂಚ್ ಬದಲಾವಣೆ ಖಾಲಿ ಸೀಟು ಹಾಗೂ ಮೊದಲ ವರ್ಷದ ಅಂಕಗಳನ್ನು ಅವಲಂಬಿಸಿದ್ದು, ಸ್ವಾಯತ್ತ ಕಾಲೇಜುಗಳಲ್ಲಿ ನಿಯಮಗಳು ಬೇರೆ ಇರಬಹುದು. ಆದ್ದರಿಂದ ಮನಸ್ಸು ಮತ್ತೆ ಬದಲಾಗುವ ಸಾಧ್ಯತೆಯಿದ್ದರೆ, ಅರ್ಜಿಯ ಕೊನೆಯ ದಿನಾಂಕವನ್ನು ಕಾಲೇಜು ಕಚೇರಿಯಲ್ಲಿ ಈ ವಾರವೇ ವಿಚಾರಿಸಿಕೊಳ್ಳಿ.