ದೇವರಕಾಡಿಗಿಂತ ಕಾಫಿ ತೋಟದಲ್ಲೇ ಹಕ್ಕಿ ಜಾಸ್ತಿ ಬಂತು, ಮಾಡೆಲ್ ತಪ್ಪಾ?

ಹಕ್ಕಿಲೆಕ್ಕ:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೊಡಗಿನಲ್ಲಿ ಹಕ್ಕಿ ಎಣಿಸಿದ್ದೇನೆ. 4 ದೇವರಕಾಡು, 6 ಕಾಫಿ ತೋಟ, ಒಂದೊಂದರಲ್ಲೂ 5 ಜಾಗ, ಜಾಗಕ್ಕೆ 10 ನಿಮಿಷ. ಪಾಯ್ಸಾನ್ ಮಾಡೆಲ್ (ಎಣಿಕೆಯ ಸಂಖ್ಯೆಗಳಿಗೆ ಬಳಸುವ ಸಂಖ್ಯಾಶಾಸ್ತ್ರದ ಮಾದರಿ) ಓಡಿಸಿದರೆ ತೋಟದಲ್ಲೇ ಪ್ರಭೇದ ಜಾಸ್ತಿ, ಪಿ ಬೆಲೆ 0.001ಕ್ಕಿಂತ ಕಡಿಮೆ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೊಂದಕ್ಕಿಂತ ಕಡಿಮೆ). ಗೈಡ್ ನೋಡಿ ನಕ್ಕರು. ಎಲ್ಲಿ ಎಡವಿದೆ?

ಅಂಕಿಸಂಕಿ:
50 ಜಾಗ ಎಂದರೆ 50 ಸಾಕ್ಷಿ ಅಲ್ಲ. ಒಂದೇ ತೋಟದ ಐದು ಜಾಗ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ತೋಟ ಅಥವಾ ಕಾಡಿನ ಹೆಸರನ್ನು ರ‍್ಯಾಂಡಮ್ ಎಫೆಕ್ಟ್ ಮಾಡಿ (ಅಂದರೆ ಒಂದೇ ಕಡೆಯ ಜಾಗಗಳು ಒಂದನ್ನೊಂದು ಹೋಲುತ್ತವೆ ಎಂದು ಮಾಡೆಲ್‌ಗೆ ತಿಳಿಸಿ), ಆ 0.001 ಉಳಿಯುವುದು ಕಷ್ಟ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪ್ರೆಡಿಕ್ಟ್ಸ್ ಯೋಜನೆಯಲ್ಲೂ (ಮನುಷ್ಯರ ಭೂಬಳಕೆಯಿಂದ ಜೀವವೈವಿಧ್ಯ ಎಷ್ಟು ಬದಲಾಗಿದೆ ಎಂದು ಜಗತ್ತಿನ ಮಟ್ಟದಲ್ಲಿ ಲೆಕ್ಕ ಹಾಕುವ ಯೋಜನೆ) ಇದೇ ದಾರಿ. ನೂರಾರು ಅಧ್ಯಯನ ಒಟ್ಟು ಹಾಕಿದರೂ ಹೋಲಿಕೆ ಆಯಾ ಅಧ್ಯಯನದ ಒಳಗೇ. ಹಾಗೆ ಮಾಡಿ 2015ರಲ್ಲಿ ಸಿಕ್ಕಿದ್ದು: ಒಂದು ಜಾಗದ ಪ್ರಭೇದ ಸಂಖ್ಯೆ ಸರಾಸರಿ 13.6% ಇಳಿದಿದೆ, ತೀರಾ ಹಾಳಾದ ಕಡೆ 76.5%.

ಮೂಡಿಗೆರೆ ತೋಟದವ:
ಮಾಡೆಲ್ ನನಗೆ ಗೊತ್ತಿಲ್ಲ. ಎಣಿಸಿದ್ದು ಮರ ಕಪಾತಿಗೆ ಮುಂಚೆನಾ, ಆಮೇಲಾ? (ನೆರಳಿನ ಮರದ ಕೊಂಬೆ ಕಡಿಯುವುದು, ನಮ್ಮ ಕಡೆ ಮರಗಸಿ.) ಅದಾದ ಮರುದಿನ ತೋಟ ಬೋಳು, ಕುಟ್ರು ಹಕ್ಕಿ ಕೂತಿದ್ದು ಜೀಪಿನಿಂದಲೇ ಕಾಣುತ್ತದೆ. ದೇವರಕಾಡಲ್ಲಿ ಕೂಗು ಕೇಳಿ ತಲೆ ಎತ್ತಿದರೆ ಬರೀ ಎಲೆ, ಅಲ್ವಾ? ಇನ್ನೊಂದು, ಅತ್ತಿ ಹಲಸು ಇರುವ ತೋಟ, ಸಿಲ್ವರ್ ಓಕ್ ತೋಟ ಎರಡನ್ನೂ ಸುಮ್ನೆ ‘ಕಾಫಿ’ ಅಂತ ಒಂದೇ ಖಾನೆಗೆ ಹಾಕಿದ್ದೀರಾ? ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಕಡಿಯಲು ತಕರಾರು ಕಡಿಮೆ, ಕಾಡುಮರಕ್ಕಾದರೆ ಕಚೇರಿ ಅಲೆಯಬೇಕು, ಅದಕ್ಕೇ ನಾವೂ ಹಾಕಿದ್ದೇವೆ, ಬೈಯಬೇಡಿ. ಮಂಗಟ್ಟೆಗೆ ಮಾತ್ರ ಅದರಲ್ಲಿ ತಿನ್ನಲು ಹಣ್ಣಿಲ್ಲ.

ಹಕ್ಕಿಲೆಕ್ಕ:
ಅಯ್ಯೋ. ಮೂರು ತೋಟ ಕಪಾತು ಆದ ವಾರವೇ ಎಣಿಸಿದ್ದು. ಖಾನೆಯೂ ಒಂದೇ.

ಬಿಳಿಗಿರಿ:
ಸಂಖ್ಯೆ ಬಿಟ್ಟು ಪಟ್ಟಿ ನೋಡಿ. ತೋಟದಲ್ಲಿ ಹೆಚ್ಚಾಗಿದ್ದು ಪಿಕಳಾರ, ಮೈನಾ ಆದರೆ ಅವು ಬಸ್ ಸ್ಟ್ಯಾಂಡಲ್ಲೂ ಸಿಗುತ್ತವೆ. ಕಾಡಿನ ಪಟ್ಟಿಯಲ್ಲಿರುವ ಹಕ್ಕಿಗಳಲ್ಲಿ ಎಷ್ಟು ತೋಟದಲ್ಲೂ ಸಿಕ್ಕವು ಅಂತ ಲೆಕ್ಕ ಹಾಕಿ. ಆದರೆ ಆ ದೇವರಕಾಡು ಎಷ್ಟು ಎಕರೆ? ಸುತ್ತ ತೋಟವೇ ಇದ್ದರೆ ಅದನ್ನು ‘ಮೂಲ ಕಾಡು’ ಅಂತ ಅಳತೆಗೋಲು ಮಾಡುವುದೇ ಅನುಮಾನ. ಒಳಕಾಡಿನ ಹಕ್ಕಿ ಅಲ್ಲಿಂದ ಯಾವಾಗಲೋ ಹೋಗಿರಬಹುದು.

ಹಕ್ಕಿಲೆಕ್ಕ:
ನಾಲ್ಕರಲ್ಲಿ ಮೂರು ಎರಡೆಕರೆಯವು, ಸುತ್ತ ಕಾಫಿ. ಮಳೆ ನಿಂತ ಮೇಲೆ ಎಲ್ಲ ಕಡೆ ಮತ್ತೆ ಎಣಿಸುತ್ತೇನೆ. ಗೈಡ್‌ಗೆ ಹೇಗೆ ಹೇಳುವುದೋ.