ಶಾಲೆ ಬಿಟ್ಟ ಮೇಲೆ ಮಕ್ಕಳಿಗೊಂದು ಕ್ಲಬ್: ನಿಜಕ್ಕೂ ಏನಾದರೂ ಉಪಯೋಗ ಇದೆಯಾ?

ಸಂಜೆಗಾಳಿ:
ನಮ್ಮ ಬಡಾವಣೆಯಲ್ಲಿ ಒಂದು ಹಾಲ್ ಇದೆ, ಸಂಜೆ ಹೊತ್ತು ಸುಮ್ನೆ ಬೀಗ ಹಾಕಿರುತ್ತದೆ. ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಅಲ್ಲಿ ಮಕ್ಕಳ ಕ್ಲಬ್ ಶುರು ಮಾಡೋಣ ಅಂತ ನಾವು ಐದಾರು ಜನ ಹೊರಟಿದ್ದೇವೆ. ಹತ್ತರಿಂದ ಹದಿನೈದು ವರ್ಷದ ಮಕ್ಕಳಿಗೆ. ಸಭೆ ಕರೆದರೆ ಅರ್ಧ ಜನ "ಅದರ ಬದಲು ಟ್ಯೂಷನ್ ಇಡಿ, ನಾಲ್ಕು ಅಂಕವಾದರೂ ಜಾಸ್ತಿ ಬರುತ್ತದೆ" ಅಂದರು. ಉಳಿದವರು "ಪೋಲಿ ಹುಡುಗರಿಗೆ ಒಂದು ಅಡ್ಡಾ ಮಾಡಿಕೊಟ್ಟ ಹಾಗಾಗುತ್ತದೆ ಅಷ್ಟೇ" ಅಂದರು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ, ತಲೆ ಆಡಿಸಿ ಬಂದೆ. ಇಂಥ ಕ್ಲಬ್ ನಡೆಸಿದವರು ಅಥವಾ ಅದರಲ್ಲಿ ಬೆಳೆದವರು ಇದ್ದರೆ ಹೇಳಿ. ಚೆನ್ನಾಗಿರುವುದನ್ನು ಮಾತ್ರ ಹೇಳಬೇಡಿ.

ಹಳೇಬೆಂಚು:
ಅಡ್ಡಾ ಅನ್ನುವವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ನಿಜ ಇದೆ. ಸ್ವೀಡನ್‌ನಲ್ಲಿ ಹದಿಹರೆಯದವರಿಗೆ ಸಂಜೆ ಹೊತ್ತು ತೆರೆದಿರುವ ಕೇಂದ್ರಗಳಿವೆ. ಅವುಗಳ ಮೇಲೆ 2000ದಲ್ಲಿ ಒಂದು ಅಧ್ಯಯನ ಬಂತು. ದೊಡ್ಡವರ ಕಣ್ಣು ಅಷ್ಟಾಗಿ ಇಲ್ಲದೆ, ಇಂಥದ್ದು ಮಾಡಬೇಕು ಅಂತಲೂ ಇಲ್ಲದೆ, ಬಂದು ಕೂತು ಹೋಗುವ ಜಾಗಗಳಲ್ಲಿ ಕಾಲ ಕಳೆಯುವ ಮಕ್ಕಳಲ್ಲಿ ಪುಂಡಾಟ ಜಾಸ್ತಿ ಕಂಡಿತು. ಮೊದಲೇ ತುಂಟರಾಗಿದ್ದವರೇ ಅಲ್ಲಿಗೆ ಹೋಗುತ್ತಿದ್ದರೋ ಏನೋ, ಅದೂ ಇರಬಹುದು. ಆದರೂ ಅದೇ ಅಧ್ಯಯನದಲ್ಲಿ, ಹೇಳಿಕೊಡುವವರು ಇದ್ದು ವಾರಕ್ಕೆ ಇಷ್ಟು ದಿನ ಅಂತ ನಡೆಯುವ ಚಟುವಟಿಕೆಗೆ ಹೋಗುವ ಮಕ್ಕಳ ಕಥೆ ಉಲ್ಟಾ ಇತ್ತು.

ಈಗ ಇನ್ನೊಂದು ಕಡೆ ನೋಡಿ. ಲಂಡನ್‌ನಲ್ಲಿ 2010ರಿಂದ 2019ರೊಳಗೆ ಸರ್ಕಾರದ ದುಡ್ಡು ಕಡಿಮೆಯಾಗಿ ಸುಮಾರು 30% ಯುವಕರ ಕ್ಲಬ್‌ಗಳು ಮುಚ್ಚಿದವು. ಕ್ಲಬ್ ಮುಚ್ಚಿದ ಕಡೆಯ ಮಕ್ಕಳನ್ನೂ ಉಳಿದ ಕಡೆಯ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಮುಚ್ಚಿದ ಕಡೆ 10ರಿಂದ 17 ವರ್ಷದವರು ಅಪರಾಧಕ್ಕೆ ಇಳಿಯುವುದು 14% ಹೆಚ್ಚಿತ್ತು. ಹದಿನಾರನೇ ವಯಸ್ಸಿನ ಪರೀಕ್ಷೆಯಲ್ಲಿ ಅಂಕವೂ ಸ್ವಲ್ಪ ಇಳಿಯಿತು, ಬಡವರ ಮನೆ ಮಕ್ಕಳದ್ದು ಇನ್ನೂ ಜಾಸ್ತಿ ಇಳಿಯಿತು. ಅವು ಟ್ಯೂಷನ್ ಕೇಂದ್ರಗಳಾಗಿರಲಿಲ್ಲ, ಗಮನಿಸಿ. ಮುಂದಿನ ಸಭೆಯಲ್ಲಿ ಟ್ಯೂಷನ್‌ನವರಿಗೆ ಇದನ್ನೇ ಹೇಳಿ.

ಬೀಗದಕೈ:
ನಾನು ಆರು ವರ್ಷ ಇಂಥದ್ದೊಂದನ್ನು ನಡೆಸಿದ್ದೇನೆ. ಮೊದಲ ವರ್ಷ ಪೂರ್ತಿ ಎಡವಟ್ಟು. ಎರಡು ಕೇರಂ ಬೋರ್ಡ್ ತಂದಿಟ್ಟು "ಆಡ್ಕೊಳ್ಳಿ" ಅಂತ ಹೇಳಿ ಮೂಲೆಯಲ್ಲಿ ಫೋನ್ ನೋಡುತ್ತಾ ಕೂರುತ್ತಿದ್ದೆ. ಎರಡೇ ತಿಂಗಳು, ನಾಲ್ಕು ದೊಡ್ಡ ಹುಡುಗರು ಎರಡೂ ಬೋರ್ಡ್ ಹಿಡಿದುಬಿಟ್ಟರು. ಚಿಕ್ಕವರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಆಮೇಲೆ ಹುಡುಗಿಯರು ಬರುವುದನ್ನೇ ಬಿಟ್ಟರು. ತಪ್ಪು ಹುಡುಗರದ್ದಲ್ಲ, ನನ್ನದು.

ಒಬ್ಬ ಹುಡುಗ ಇದ್ದ. ಮೂರು ವಾರ ಒಳಗೇ ಬರಲಿಲ್ಲ, ಮೆಟ್ಟಿಲ ಮೇಲೆ ಬ್ಯಾಗ್ ತೊಡೆ ಮೇಲಿಟ್ಟುಕೊಂಡು ಅದರ ಜಿಪ್ ಎಳೆಯುತ್ತಾ ಬಿಡುತ್ತಾ ಕೂರುತ್ತಿದ್ದ. ಕರೆದರೆ "ಇಲ್ಲೇ ಸರಿ" ಅನ್ನುತ್ತಿದ್ದ. ಒಂದು ದಿನ ನಾನು ಲೇಟಾಗಿ ಓಡಿ ಬಂದವನು ಹಾಜರಿ ಪುಸ್ತಕವನ್ನು ಅವನ ಕೈಗೆ ಕೊಟ್ಟು "ಬಂದವರ ಹೆಸರು ಬರೆದುಬಿಡಪ್ಪ" ಅಂದೆ. ಏನೋ ಲೆಕ್ಕ ಹಾಕಿ ಕೊಟ್ಟಿದ್ದಲ್ಲ, ಬಾಗಿಲು ತೆಗೆಯಲು ಕೈ ಖಾಲಿ ಬೇಕಿತ್ತು. ಅವನು ಹೆಸರಿನ ಮುಂದೆ ಬಂದ ಟೈಮು, ಯಾರ ಜೊತೆ ಬಂದರು, ಎಲ್ಲ ಬರೆದಿದ್ದ. ಮಾರನೇ ದಿನ ನನಗಿಂತ ಮೊದಲೇ ಬಂದು ಬಾಗಿಲ ಹತ್ತಿರ ಪುಸ್ತಕಕ್ಕೆ ಕಾಯುತ್ತಿದ್ದ. ಆಮೇಲೆ ಎರಡು ವರ್ಷ ಆ ಪುಸ್ತಕ ಬೇರೆಯವರ ಕೈಗೆ ಹೋಗಲಿಲ್ಲ. ಯಾರಾದರೂ ಸತತವಾಗಿ ಎರಡು ದಿನ ಬರದಿದ್ದರೆ ಅವನೇ ಹೇಳುತ್ತಿದ್ದ, ನಾನು ಅವರ ಮನೆಗೆ ಫೋನ್ ಮಾಡುತ್ತಿದ್ದೆ. ಶಾಲೆಗೂ ಹೋಗದೆ ಇದ್ದ ಇಬ್ಬರು ನಮಗೆ ಗೊತ್ತಾಗಿದ್ದು ಹಾಗೆ.

ಅವನ ಅಂಕ ಏನಾಯಿತು ಅಂತ ಕೇಳಬೇಡಿ, ನಾನೂ ಕೇಳಿಲ್ಲ.

ಮನೆಪಾಠ:
ಕ್ಷಮಿಸಿ, ಆದರೆ ಇದು ಸ್ವಲ್ಪ ಚಂದದ ಕಥೆ ಆಯಿತು ಅಲ್ವಾ? ನನ್ನ ಮಗಳನ್ನು ಇಂಥ ಒಂದು ಕ್ಲಬ್‌ಗೆ ಹಾಕಿದ್ದೆ. ಎಂಟು ತಿಂಗಳಲ್ಲಿ ನೋಡಿಕೊಳ್ಳುವವರು ಐದು ಸಲ ಬದಲಾದರು. ಪ್ರತಿ ಸಲವೂ ಹೊಸಬರು ಬಂದು "ನಿನ್ನ ಹೆಸರೇನು ಪುಟ್ಟಾ" ಅಂತ ಶುರು ಮಾಡುವರು. ಐದನೆಯವರು ಕೇಳಿದಾಗ ಅವಳು ಹೆಸರೇ ಹೇಳಲಿಲ್ಲ. ಮನೆಗೆ ಬಂದು "ಅಮ್ಮಾ, ಇವರೂ ಹೋಗ್ತಾರೆ ಬಿಡು" ಅಂದಳು. ಬಿಡಿಸಿದೆ.

ಬೀಗದಕೈ:
ಮನೆಪಾಠ ಅವರೇ, ಬಿಡಿಸಿದ್ದು ಸರಿಯೇ. ನೀವು ಹೇಳಿದ್ದು ನನ್ನ ಕಥೆಗಿಂತ ಮುಖ್ಯವಾದದ್ದು. ಮಕ್ಕಳು ಬರುವುದು ಹಾಲ್‌ಗಲ್ಲ, ಅಲ್ಲಿರುವ ಮನುಷ್ಯರಿಗೆ.

ಹಳೇಬೆಂಚು:
ಅಮೆರಿಕದಲ್ಲಿ 2010ರಲ್ಲಿ ಇಂಥ ಹತ್ತಾರು ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದೊಂದೇ ಹೆಜ್ಜೆಯಾಗಿ ಕಲಿಸುವುದು, ಮಕ್ಕಳ ಕೈಯಲ್ಲೇ ಮಾಡಿಸುವುದು, ಅದಕ್ಕೆ ಅಂತಲೇ ಹೊತ್ತು ಇಡುವುದು, ಏನು ಕಲಿಸುತ್ತೇವೆ ಅನ್ನುವುದು ಸ್ಪಷ್ಟವಾಗಿರುವುದು, ಈ ನಾಲ್ಕೂ ಇದ್ದ ಕಡೆ ಮಕ್ಕಳ ಧೈರ್ಯ, ನಡತೆ, ಓದು ಎಲ್ಲ ಸುಧಾರಿಸಿತ್ತು. ಇಲ್ಲದ ಕಡೆ ಹೇಳಿಕೊಳ್ಳುವಂಥದ್ದು ಏನೂ ಆಗಿರಲಿಲ್ಲ. ಬರೀ ಬಾಗಿಲು ತೆರೆದಿಟ್ಟರೆ ಸಾಲದು.

ಐಸ್‌ಲ್ಯಾಂಡ್ ಹೆಸರನ್ನೂ ಯಾರಾದರೂ ಎತ್ತುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದೆವು ಅಂದ 15-16ರ ಮಕ್ಕಳು 1998ರಲ್ಲಿ 42% ಇದ್ದರು, 2016ಕ್ಕೆ 5% ಆದರು. ಮಕ್ಕಳ ಕ್ಲಬ್, ಆಟ, ಸಂಗೀತಕ್ಕೆ ದುಡ್ಡು ಹಾಕಿದ್ದೂ ಒಂದು ಕಾರಣ. ಆದರೆ ಅದರ ಜೊತೆಗೆ ರಾತ್ರಿ ಹೊರಗಿರುವುದಕ್ಕೆ ಕಾನೂನಿನ ಕಟ್ಟು, ಅಪ್ಪ ಅಮ್ಮಂದಿರೇ ಬೀದಿ ಸುತ್ತಿ ನೋಡುವುದು, ಎಲ್ಲ ಇತ್ತು. ಎಲ್ಲವನ್ನೂ ಕ್ಲಬ್‌ನ ಖಾತೆಗೆ ಬರೆಯಬೇಡಿ.

ಸಂಜೆಗಾಳಿ:
ಎಲ್ಲರಿಗೂ ಥ್ಯಾಂಕ್ಸ್. ನಾವು ವಾರಕ್ಕೆ ಆರು ದಿನ ಅಂತ ಅಂದುಕೊಂಡಿದ್ದೆವು. ಪ್ರತಿ ದಿನ ತಪ್ಪದೆ ಬರುತ್ತೇನೆ ಅನ್ನುವವರು ಎಷ್ಟು ಜನ ಅಂತ ನಿನ್ನೆ ಗುಂಪಿನಲ್ಲಿ ಕೇಳಿದೆ. ನಾನು, ಇನ್ನೊಬ್ಬರು, ಇಬ್ಬರೇ. ಅದೂ ವಾರಕ್ಕೆ ಎರಡೇ ದಿನ.

ಬೀಗದಕೈ:
ಹಾಗಾದರೆ ಎರಡೇ ದಿನ ತೆರೆಯಿರಿ. ಒಂದು ವರ್ಷ ನೀವಿಬ್ಬರೇ ಇರಿ. ಹಾಜರಿ ಪುಸ್ತಕ ಮಾತ್ರ ನೀವು ಬರೆಯಬೇಡಿ.