ದೈತ್ಯ ವರ್ಣತಂತುವಿನ ಸ್ಲೈಡ್ ಸರಿಬರುತ್ತಿಲ್ಲ, ಏನು ಮಾಡಲಿ?

ಕೇಳಿದ್ದು: ಎಂ.ಎಸ್ಸಿ. ಪ್ರಾಕ್ಟಿಕಲ್‌ಗೆ ಡ್ರಾಸೊಫಿಲಾ (ಹಣ್ಣಿನ ನೊಣ) ಲಾರ್ವಾದ ಲಾಲಾಗ್ರಂಥಿಯಿಂದ ಪಾಲಿಟೀನ್, ಅಂದರೆ ದೈತ್ಯ ವರ್ಣತಂತುವಿನ ಸ್ಲೈಡ್ ಮಾಡಿಸಬೇಕು. ಗ್ರಂಥಿ ಸಿಗುತ್ತದೆ, ಆದರೆ ವರ್ಣತಂತುವಿನ ತೋಳುಗಳು ಬಿಚ್ಚಿಕೊಳ್ಳುವುದಿಲ್ಲ, ಪಟ್ಟಿಗಳು ಮಸುಕು. ಕೋಶ ವಿಭಜನೆಯಾಗದೆ ವರ್ಣತಂತು ಮಾತ್ರ ಹೆಚ್ಚುವುದು ಹೇಗೆಂದು ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ಮೇಡಂ, ಮೊದಲು ಬಾಟಲಿ ನೋಡಿ, ಸ್ಲೈಡ್ ಆಮೇಲೆ. ಹೊಟ್ಟೆಗಿಲ್ಲದ, ಇಕ್ಕಟ್ಟಿನಲ್ಲಿ ಬೆಳೆದ ಲಾರ್ವಾದ ವರ್ಣತಂತು ಸಣಕಲಾಗಿಯೇ ಇರುತ್ತದೆ. ಮೈಸೂರು ಕಡೆಯ ರವೆ-ಬೆಲ್ಲದ ಆಹಾರವೇ ಸಾಕು: ಒಂದು ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ, ಒಲೆಯಿಂದ ಇಳಿಸಿದ ಮೇಲೆ ಪ್ರೊಪಿಯೋನಿಕ್ ಆಮ್ಲ 7.5 ಮಿ.ಲೀ. ಮೇಲೆ ಈಸ್ಟ್ ಧಾರಾಳವಾಗಿರಲಿ. ನೊಣಗಳು ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ನೊಣಗಳನ್ನು ತೆಗೆದುಬಿಡಿ. 25 ಡಿಗ್ರಿಯಲ್ಲಿ ಐದನೇ ದಿನದ ಹೊತ್ತಿಗೆ ಲಾರ್ವಾ ಗಾಜು ಹತ್ತುತ್ತದೆ. 18ರಲ್ಲಿ ಸುಮಾರು ದುಪ್ಪಟ್ಟು ಕಾಲ ಬೇಕು, ಆದರೆ ಹುಳ ದಪ್ಪ, ಪಟ್ಟಿ ಸ್ಪಷ್ಟ. ಗಾಜು ಹತ್ತಿ ಇನ್ನೂ ಹರಿದಾಡುತ್ತಿರುವುದನ್ನೇ ಆರಿಸಿ. ಮೈ ಬಿಗಿದು ನಿಂತದ್ದು ಬೇಡ.

ಉತ್ತರ: ಗ್ರಂಥಿ ಬಿಡಿಸುವುದು 0.7% ಉಪ್ಪಿನ ದ್ರಾವಣದಲ್ಲಿ. ಬರೀ ನೀರಿನಲ್ಲಿ ಕೋಶ ಊದಿಕೊಳ್ಳುತ್ತದೆ. ಒಂದು ಸೂಜಿ ಬಾಯಿಯ ಕಪ್ಪು ಕೊಕ್ಕೆಯ ಮೇಲೆ, ಇನ್ನೊಂದು ಮೈಯ ನಡುವೆ, ನಿಧಾನ ಎಳೆಯಿರಿ. ಗಾಜಿನಂತೆ ತಿಳಿಯಾಗಿರುವ ಜೋಡಿಯೇ ಗ್ರಂಥಿ. ಪಕ್ಕಕ್ಕೆ ಅಂಟಿದ ಬಿಳಿ ಕೊಬ್ಬನ್ನು ಪೂರ್ತಿ ತೆಗೆಯಿರಿ, ಇಲ್ಲವಾದರೆ ಎಣ್ಣೆಹನಿಗಳದ್ದೇ ಕಾಟ. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದೆರಡು ನಿಮಿಷ, ಆಮೇಲೆ 2% ಲ್ಯಾಕ್ಟೋ-ಅಸಿಟೋ-ಓರ್ಸಿನ್‌ನಲ್ಲಿ ಅರ್ಧ ಗಂಟೆ. ಈ ಬಣ್ಣ ಸೋಸಿಯೇ ಬಳಸಿ, ಒಣಗಲು ಬಿಡಬೇಡಿ. 45% ಅಸಿಟಿಕ್ ಆಮ್ಲದ ಹನಿಗೆ ದಾಟಿಸಿ, ಕವರ್‌ಸ್ಲಿಪ್ ಹಾಕಿ, ಪೆನ್ಸಿಲ್ ಹಿಂತುದಿಯಿಂದ ತಟ್ಟಿ. ನಿಮ್ಮ ಸ್ಲೈಡ್ ಬಹುಶಃ ಕೆಡುವುದು ಇಲ್ಲೇ: ತಟ್ಟದೆ ನೇರ ಒತ್ತಿದರೆ ಕೋಶಕೇಂದ್ರ ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ. ಮಧ್ಯೆ ಮಧ್ಯೆ ಸೂಕ್ಷ್ಮದರ್ಶಕದಲ್ಲಿ ನೋಡಿ. ತೋಳು ಹರಡಿದ ಮೇಲೆಯೇ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಸ್ಲಿಪ್ ಕೂದಲೆಳೆಯಷ್ಟು ಜಾರಿದರೂ ಪಟ್ಟಿ ಕಲಸಿಹೋಗುತ್ತದೆ. ಸುತ್ತಲೂ ಕೆಂಪಾಗಿದ್ದರೆ ಬಣ್ಣ ಹೆಚ್ಚಾಗಿದೆ, ಅಸಿಟಿಕ್ ಆಮ್ಲದಲ್ಲಿ ಇನ್ನಷ್ಟು ತೊಳೆಯಿರಿ.

ಉತ್ತರ: ಗ್ರಂಥಿಯ ಮುಂತುದಿಯಲ್ಲಿ ಸಣ್ಣ ಕೋಶಗಳ ಉಂಗುರವೊಂದಿದೆ. ಅವು ದೈತ್ಯವಾಗುವುದಿಲ್ಲ. ಮಕ್ಕಳು ಅದನ್ನೇ ನೋಡಿ ‘ಬಂದಿಲ್ಲ ಮೇಡಂ’ ಅಂದಾರು.

ಉತ್ತರ: ಎರಡನೆಯ ಪ್ರಶ್ನೆಗೆ. ಇದನ್ನು ‘ಕೆಟ್ಟುಹೋದ ವಿಭಜನೆ’ ಎಂದು ಕಲಿಸಬೇಡಿ. ಇದು ಎಂಡೋಸೈಕಲ್ ಎಂಬ ಬೇರೆಯೇ ಚಕ್ರ: ಕೋಶ ಒಡೆಯದೆ ಡಿಎನ್‌ಎ ಮಾತ್ರ ಮತ್ತೆ ಮತ್ತೆ ನಕಲಾಗುತ್ತದೆ. ಭ್ರೂಣದಲ್ಲಿದ್ದಾಗಲೇ ಗ್ರಂಥಿಯ ಕೋಶಗಳು ವಿಭಜನೆ ನಿಲ್ಲಿಸುತ್ತವೆ. ವಿಭಜನೆಗೆ ಬೇಕಾದ ಸೈಕ್ಲಿನ್ ಎ, ಬಿ ಎಂಬ ಪ್ರೋಟೀನುಗಳು ನಾಶವಾಗುತ್ತವೆ. ಉಳಿಯುವುದು ಸೈಕ್ಲಿನ್ ಇ, ಅದೂ ಏರಿಳಿಯುತ್ತಾ. ಇಳಿದಾಗ ಡಿಎನ್‌ಎ ನಕಲಿಗೆ ಸಜ್ಜಾಗುತ್ತದೆ, ಏರಿದಾಗ ನಕಲು ಶುರು. ಸೈಕ್ಲಿನ್ ಇ ಸದಾ ಏರಿಯೇ ಇದ್ದರೆ ಚಕ್ರ ನಿಂತುಹೋಗುತ್ತದೆ, ಪರೀಕ್ಷೆಗೆ ಒಳ್ಳೆಯ ಪ್ರಶ್ನೆ. ಸುಮಾರು ಹತ್ತು ಸುತ್ತಿಗೆ 1,024 ಪ್ರತಿ. ಸಮಜಾತ ಜೋಡಿ (ತಾಯಿ, ತಂದೆಯಿಂದ ಬಂದ ಒಂದೇ ಬಗೆಯ ಎರಡು ವರ್ಣತಂತು) ಒಟ್ಟಿಗೇ ಅಂಟಿರುವುದರಿಂದ ಕಾಣುವ ಎಳೆ ಸುಮಾರು 2,048. ಆದರೆ ಎಲ್ಲ ಭಾಗವೂ ಅಷ್ಟು ಹೆಚ್ಚುವುದಿಲ್ಲ. ವರ್ಣತಂತುವಿನ ತೋಳುಗಳು ಸೇರುವ ಸೆಂಟ್ರೋಮಿಯರ್ ಸುತ್ತಲಿನ ಹೆಟೆರೋಕ್ರೊಮ್ಯಾಟಿನ್ (ಒತ್ತಾಗಿ ಸುತ್ತಿಕೊಂಡ ಭಾಗ) ಹಿಂದೆ ಬೀಳುತ್ತದೆ. ಅದೆಲ್ಲ ಒಂದೆಡೆ ಸೇರಿದ ಗಂಟೇ ಕ್ರೋಮೋಸೆಂಟರ್, ತೋಳುಗಳು ಹೊರಡುವುದು ಅಲ್ಲಿಂದ.

ಉತ್ತರ: ಪಟ್ಟಿ ಓದುವಾಗ ತಳಿವಿಜ್ಞಾನಿ ಬ್ರಿಡ್ಜಸ್‌ರ 1935ರ ನಕ್ಷೆ ಹಿಡಿಯಿರಿ. ಅದರಲ್ಲಿ ವರ್ಣತಂತುಗಳನ್ನು ಸಂಖ್ಯೆ ಕೊಟ್ಟ ಭಾಗಗಳಾಗಿ ವಿಂಗಡಿಸಿದೆ: ಎಕ್ಸ್ 1–20, ಎರಡನೆಯದು 21–60, ಮೂರನೆಯದು 61–100, ಪುಟ್ಟ ನಾಲ್ಕನೆಯದು 101–102. ತೋಳಿನ ತುದಿಯಿಂದ ಗುರುತು ಹಿಡಿಯುವುದು ಸುಲಭ. ಗಂಡು ಲಾರ್ವಾದಲ್ಲಿ ಎಕ್ಸ್ ಪೇಲವ, ದೋಷವೆಂದು ಬಿಸಾಡಬೇಡಿ. ಲಾರ್ವಾವನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಬಿಡಿಸಿದರೆ ನಕ್ಷೆಯ 87ಎ, 87ಸಿ, 93ಡಿ ಜಾಗಗಳು ಊದಿಕೊಂಡಿರುತ್ತವೆ. ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರದರ್ಶನ ಇಲ್ಲ. ಬಾಳೆಹಣ್ಣಿಟ್ಟು ಹಿಡಿದ ಊರ ನೊಣ ಅನನಾಸೆಯೋ ನಸೂಟವೋ (ಡ್ರಾಸೊಫಿಲಾದ ಬೇರೆ ಪ್ರಭೇದಗಳು) ಆಗಿದ್ದರೆ ಈ ನಕ್ಷೆ ಹೊಂದುವುದಿಲ್ಲ; ನಕ್ಷೆ ಇರುವ ಮೆಲನೊಗಾಸ್ಟರ್ ಪ್ರಭೇದದ ತಳಿಯನ್ನೇ ತರಿಸಿಕೊಳ್ಳಿ.